ಬರೆಯುವ ಕೈ

ಪ್ಯಾರಿಸ್ಸಿಗೆ ಹೋಗಿಬಂದವರ ಪ್ರವಾಸಕಥನಗಳಲ್ಲಿ ಲೂವ್ರ್ ಸಂಗ್ರಹಾಲಯದ ಮೋನಾಲಿಸಾ ತಪ್ಪುವುದಿಲ್ಲ. ಓದಲು ನನಗೂ ಇಷ್ಟವೇ. ಆದರೆ ಅಲ್ಲಿ ಹೆಣ್ಣು ನೋಡಿಸಿಕೊಳ್ಳುವವಳು. ಅವಳ ನಗೆಯ ಬಗ್ಗೆ ಬರೆದವರೆಲ್ಲ ಬೇರೆಯವರು.

ನಮ್ಮ ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಒಮ್ಮೆ ಬನ್ನಿ. ಬುತ್ತಿ ಕಟ್ಟಿಕೊಂಡು ಆ ಚಾಲುಕ್ಯರ ಗುಡಿಯ ಸುತ್ತ ದಿನವಿಡೀ ಕಳೆದರೆ ಅದಕ್ಕಿಂತ ಸಿರಿತನ ಬೇಡ. ಹೊರಗೋಡೆಯ ಚೆಲುವೆಯರಲ್ಲಿ ಒಬ್ಬಳು ಕೈಯೆತ್ತಿ ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಇವಳಿಗೆ 'ಶಾಸನ ಸುಂದರಿ' ಎಂದು ಹೆಸರು. ಸುಂದರಿ ಹೌದು, ಆದರೆ ಬರೆಯುವ ಗಂಡಸನ್ನು ನಾವು ಲಿಪಿಕಾರ ಎನ್ನುತ್ತೇವೆ, ಸುಂದರ ಎನ್ನುವುದಿಲ್ಲ.

ಅವಳು ಬರೆದದ್ದಾದರೂ ಏನು? ಆರನೆಯ ವಿಕ್ರಮಾದಿತ್ಯನ (1076–1126) ಹೊಗಳಿಕೆ. ತನ್ನ ಬಗ್ಗೆ ಒಂದಕ್ಷರವಿಲ್ಲ. ಅವನ ರಾಜಧಾನಿ ಕಲ್ಯಾಣ, ಇಂದಿನ ಬಸವಕಲ್ಯಾಣ. ಕೆಲವೇ ದಶಕಗಳ ಮೇಲೆ ಅದೇ ಕಲ್ಯಾಣದ ಶರಣೆಯರು, ಅಕ್ಕಮಹಾದೇವಿ, ನೀಲಮ್ಮ, ಆಯ್ದಕ್ಕಿ ಲಕ್ಕಮ್ಮ, ಯಾವ ಅರಸನನ್ನೂ ಹೊಗಳದೆ ತಮ್ಮ ತಮ್ಮ ಅಂಕಿತವಿಟ್ಟು ತಮ್ಮ ಮಾತನ್ನೇ ಆಡಿದರು. ಕಲ್ಲಿನ ಹೆಣ್ಣಿಗೆ ದಕ್ಕದ್ದು ಇವರಿಗೆ ದಕ್ಕಿತು.

ಜಲಸಂಗಿಗೆ ಹೋದಾಗ ನಿಮ್ಮ ಹೆಣ್ಣುಮಕ್ಕಳಿಗೆ ಮೊದಲು ಅವಳ ಬರೆಯುವ ಕೈಯನ್ನು ತೋರಿಸಿ. ಸೊಂಟದ ಬಳುಕು ಆಮೇಲೆ ತಾನಾಗಿ ಕಂಡೀತು.