ಮೇಸನ್ ಚೌಕಟ್ಟು: ಮೂಲ ಮತ್ತು ಪ್ರತಿಗಳ ಪ್ರಶ್ನೆ

ಜಾಲತಾಣಗಳ ರಚನೆಗಾಗಿ ಪರ್ಲ್ ಭಾಷೆಯಲ್ಲಿ ಸಿದ್ಧವಾದ ಚೌಕಟ್ಟುಗಳಲ್ಲಿ 'ಮೇಸನ್' ಗಮನಾರ್ಹವಾದುದು. ಜೊನಾಥನ್ ಸ್ವಾರ್ಟ್ಜ್ ಅವರು ರೂಪಿಸಿದ ಇದು 1998ರಲ್ಲಿ ಸಾರ್ವಜನಿಕ ಬಳಕೆಗೆ ಬಂದಿತು. ಡೇವ್ ರೋಲ್ಸ್ಕಿ ಮತ್ತು ಕೆನ್ ವಿಲಿಯಮ್ಸ್ ಅವರು ಇದನ್ನು ಕುರಿತು ಬರೆದ ಗ್ರಂಥವು 2002ರಲ್ಲಿ ಪ್ರಕಟವಾಯಿತು. ಪುಟದ ಪಾಠದ ನಡುವೆಯೇ ಪರ್ಲ್ ವಾಕ್ಯಗಳನ್ನು ಸೇರಿಸಲು ಇಲ್ಲಿ ಅವಕಾಶವಿದೆ. ಹೀಗೆ ಬರೆದ ಒಂದೊಂದು ಕಡತವೂ ಒಂದು 'ಕಾಂಪೊನೆಂಟ್' ಎನಿಸುತ್ತದೆ. ಒಂದು ಇನ್ನೊಂದನ್ನು ಕರೆಯಬಲ್ಲುದು. ಎಲ್ಲ ಪುಟಗಳಿಗೂ ಸಮಾನವಾದ ಆದ್ಯಂತಗಳನ್ನು 'ಆಟೋಹ್ಯಾಂಡ್ಲರ್' ಎಂಬ ಒಂದೇ ಕಡತದಲ್ಲಿ ಇಡಬಹುದು. ಈ ಗುಣಗಳ ಬಗೆಗೆ ಭಿನ್ನಾಭಿಪ್ರಾಯವಿಲ್ಲ.

ವಿಚಾರಾರ್ಹವಾದುದು ಇದರ ಇನ್ನೊಂದು ಸೌಲಭ್ಯ. ಕಾಂಪೊನೆಂಟುಗಳನ್ನು ಇಡುವ ಮೂಲಕೋಶಗಳು ಒಂದಕ್ಕಿಂತ ಹೆಚ್ಚು ಇರಬಹುದು. ಮೇಸನ್ ಅವುಗಳನ್ನು ಅನುಕ್ರಮವಾಗಿ ಹುಡುಕಿ, ಮೊದಲು ದೊರೆತ ಕಡತವನ್ನೇ ಪ್ರಮಾಣವೆಂದು ಗ್ರಹಿಸುತ್ತದೆ. ದೂರು, ಮನವಿಗಳನ್ನು ದಾಖಲಿಸಿ ನಿರ್ವಹಿಸುವ 'ರಿಕ್ವೆಸ್ಟ್ ಟ್ರ್ಯಾಕರ್' ಎಂಬ ತಂತ್ರಾಂಶವು ಇದನ್ನು ಆಶ್ರಯಿಸಿದೆ. ಬಳಕೆದಾರರು ಮೂಲ ಕಡತದ ಪ್ರತಿ ತೆಗೆದು, ತಿದ್ದಿ, ಸ್ಥಳೀಯ ಕೋಶದಲ್ಲಿಟ್ಟರೆ ಆ ಪ್ರತಿಯೇ ಮುಂದೆ ಚಲಾವಣೆಗೆ ಬರುತ್ತದೆ, ಮೂಲಕ್ಕೆ ಧಕ್ಕೆಯಿಲ್ಲ.

ಮೇಲ್ನೋಟಕ್ಕೆ ನಿರ್ದುಷ್ಟವಾದ ಈ ವ್ಯವಸ್ಥೆಯಲ್ಲಿ ದೊಡ್ಡದೊಂದು ದೋಷ ಅಡಗಿದೆ. ಮೂಲಕರ್ತೃಗಳು ಮುಂದಿನ ಆವೃತ್ತಿಯಲ್ಲಿ ಆ ಕಡತದ ಲೋಪವೊಂದನ್ನು ಸರಿಪಡಿಸಿದರೂ ಸ್ಥಳೀಯ ಪ್ರತಿಯಲ್ಲಿ ಹಳೆಯ ಲೋಪವು ಹಾಗೆಯೇ ಉಳಿಯುತ್ತದೆ. ಅದು ಭದ್ರತೆಗೆ ಸಂಬಂಧಿಸಿದ್ದಾದರೆ ಅಪಾಯವು ಸಣ್ಣದಲ್ಲ. ಪ್ರತಿಯು ಯಾವ ಆವೃತ್ತಿಯಿಂದ ಹುಟ್ಟಿತೆಂಬುದನ್ನು ಮೇಸನ್ ತಾನಾಗಿ ದಾಖಲಿಸುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮಾತೃಕೆಯನ್ನು ತಿಳಿಸದ ಓಲೆಪ್ರತಿಯಿಂದ ಸಂಪಾದಕನಿಗೆ ಒದಗುವ ತೊಡಕನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪರಿಹಾರವಾಗಿ ರಿಕ್ವೆಸ್ಟ್ ಟ್ರ್ಯಾಕರಿನ ಕರ್ತೃಗಳು 'ಕಾಲ್‌ಬ್ಯಾಕ್' ಎಂಬ ಕ್ರಮವನ್ನು ಒದಗಿಸಿದ್ದಾರೆ. ಮೂಲ ಕಡತದಲ್ಲಿಯೇ ಕೆಲವು ಸ್ಥಾನಗಳನ್ನು ಗುರುತಿಸಿ, ಅಲ್ಲಿ ಸ್ಥಳೀಯ ಸೇರ್ಪಡೆಗಳನ್ನು ಕರೆಯುವುದು ಇದರ ರೀತಿ. ಪಾಠವು ಒಂದೇ ಆಗಿರುತ್ತದೆ, ಸೇರ್ಪಡೆ ಮಾತ್ರ ಬೇರೆಯಾಗಿ ನಿಲ್ಲುತ್ತದೆ. ಮೂಲದ ತಿದ್ದುಪಡಿಗಳು ಅಡೆತಡೆಯಿಲ್ಲದೆ ತಲಪುತ್ತವೆ. ಆದರೆ ಕರ್ತೃಗಳು ಸ್ಥಾನ ಬಿಡದ ಕಡೆ ಇದು ನಿರುಪಯೋಗಿ. ಅಂಥಲ್ಲಿ ಪ್ರತಿ ತೆಗೆಯುವುದು ಅನಿವಾರ್ಯ.

ಆದುದರಿಂದ ಮೇಸನ್ ಕೊಡುವ ಸ್ವಾತಂತ್ರ್ಯವನ್ನು ನಿರಾಕರಿಸಬೇಕಾಗಿಲ್ಲ. ಸಾಧ್ಯವಿದ್ದಲ್ಲಿ ಕಾಲ್‌ಬ್ಯಾಕನ್ನೇ ಆಶ್ರಯಿಸಬೇಕು. ಪ್ರತಿ ತೆಗೆದಲ್ಲಿ ಅದರ ಮೂಲ ಆವೃತ್ತಿಯನ್ನೂ ಮಾಡಿದ ತಿದ್ದುಪಡಿಗಳನ್ನೂ ಕಡತದ ಆರಂಭದಲ್ಲಿಯೇ ನಮೂದಿಸಬೇಕು. ಹೊಸ ಆವೃತ್ತಿ ಬಂದಾಗಲೆಲ್ಲ ಎರಡನ್ನೂ ಹೋಲಿಸಿ ನೋಡುವುದು ನಿರ್ವಾಹಕರ ಕರ್ತವ್ಯ. ಚೌಕಟ್ಟು ಮಾಡದ ಈ ಕೆಲಸವನ್ನು ಮನುಷ್ಯರೇ ಮಾಡಬೇಕಾಗಿದೆ.