ಎಣ್ಣೆಯ ಕುಸ್ತಿಯೂ ನೋಡುವ ಕಣ್ಣೂ

ತುರ್ಕಿಯ ಎದಿರ್ನೆ ನಗರದ ಅಂಚಿನ ಹುಲ್ಲುಗಾವಲಿನಲ್ಲಿ ವರ್ಷಕ್ಕೊಮ್ಮೆ ಬೇಸಗೆಯಲ್ಲಿ ನಡೆಯುವ ಕಿರ್ಕ್‌ಪಿನಾರ್ ಕುಸ್ತಿಯ ಚಿತ್ರಗಳು ಹೊರನಾಡುಗಳಲ್ಲಿ ಅಚ್ಚಾದಾಗ, ಅವುಗಳ ಒಕ್ಕಣೆಯಲ್ಲಿ ಕುಹಕದ ನಗೆಯೊಂದು ಇಣುಕುವುದುಂಟು. ಆಲಿವ್ ಎಣ್ಣೆಯಲ್ಲಿ ಮಿರುಗುವ ಮೈ, ಮೊಣಕಾಲಿನಿಂದ ಕೆಳಕ್ಕಿಳಿಯುವ ತೊಗಲಿನ ಚಲ್ಲಣ, ಒಬ್ಬನ ಚಲ್ಲಣದೊಳಕ್ಕೆ ಚಾಚಿದ ಇನ್ನೊಬ್ಬನ ಕೈ: ಇಷ್ಟನ್ನು ಕಂಡವರಿಗೆ ಮತ್ತಾವ ವಿವರಣೆಯೂ ಬೇಡವಾಗುತ್ತದೆ. ಸ್ವದೇಶಾಭಿಮಾನಿಗಳ ಉತ್ತರವೂ ಅಷ್ಟೇ ಅವಸರದ್ದು. ಇದು ಪೂರ್ವಿಕರ ವೀರವಿದ್ಯೆ, ಇಲ್ಲಿ ಮೈಯ ಮಾತೇ ಇಲ್ಲ ಎಂದುಬಿಡುತ್ತಾರೆ. ಎರಡು ಪಕ್ಷದವರೂ ಕುಸ್ತಿಯನ್ನು ನೋಡಿದಂತೆ ತೋರುವುದಿಲ್ಲ.

ಎಣ್ಣೆಯ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ಗರಡಿಯ ಕೆಮ್ಮಣ್ಣು ಹಿಡಿತಕ್ಕೆ ಒದಗಿದರೆ ಎಣ್ಣೆ ಹಿಡಿತವನ್ನು ಕಸಿದುಕೊಳ್ಳುತ್ತದೆ. ಜಾರುವ ಮೈಯಲ್ಲಿ ಆಸರೆಗೆ ಸಿಕ್ಕುವುದು ಕಿಸ್ಪೆತ್ ಎಂಬ ಆ ಚಲ್ಲಣದ ಸೊಂಟಪಟ್ಟಿ ಮತ್ತು ಕಾಲಂಚು ಮಾತ್ರ. ಆದ್ದರಿಂದ ಕೈ ಅಲ್ಲಿಗೇ ಹೋಗಬೇಕು. ನಿಯಮವೂ ಅದಕ್ಕೆ ಒಪ್ಪಿಗೆಯಿತ್ತಿದೆ. ಎದುರಾಳಿಯನ್ನು ಹೊಟ್ಟೆ ಬಾನಿಗೆ ಕಾಣುವಂತೆ ಕೆಡವಬೇಕು, ಇಲ್ಲವೆ ಎತ್ತಿಕೊಂಡು ಮೂರು ಹೆಜ್ಜೆ ನಡೆಯಬೇಕು. 1975ರಲ್ಲಿ ಕಾಲಮಿತಿ ಬರುವವರೆಗೆ ಒಂದೊಂದು ಜೋಡಿ ಇಡೀ ದಿನ ಹೆಣಗಿದ್ದುಂಟು. ಹಾಗೆಂದು ಇಲ್ಲಿಯ ಸ್ಪರ್ಶವೆಲ್ಲ ಬರಿಯ ತಂತ್ರವೆನ್ನಲಾಗದು. ಕಾದುವ ಮೊದಲು ಅವರು ಒಬ್ಬರ ಮೈಗೊಬ್ಬರು ಎಣ್ಣೆ ಸವರುತ್ತಾರೆ. ತನ್ನ ಹಿಡಿತದಿಂದ ಜಾರಿಹೋಗಲೆಂದೇ ಎದುರಾಳಿಯ ಬೆನ್ನಿಗೆ ಎಣ್ಣೆಯೆರೆಯುವ ಈ ಔದಾರ್ಯಕ್ಕೆ ತಂತ್ರದಲ್ಲಿ ಸಮಾಧಾನ ದೊರೆಯದು. ಜಾಜ್‌ಗಿರ್ ಎಂಬಾತ ಪ್ರಾರ್ಥನೆಯೊಡನೆ ಅವರನ್ನು ಜನಕ್ಕೆ ಪರಿಚಯಿಸುತ್ತಾನೆ. ದಾವುಲ್, ಜುರ್ನಾಗಳ ನಾದಕ್ಕೆ ಅವರು ತೋಳು ಬೀಸುತ್ತ, ನೆಲ ಮುಟ್ಟುತ್ತ ಹೆಜ್ಜೆಯಿಡುತ್ತಾರೆ.

ಕಿರ್ಕ್‌ಪಿನಾರ್ ಎಂದರೆ ನಲವತ್ತು ಚಿಲುಮೆ. ಐತಿಹ್ಯದ ಪ್ರಕಾರ ಹದಿನಾಲ್ಕನೆಯ ಶತಮಾನದ ನಲವತ್ತು ಯೋಧರಲ್ಲಿ ಇಬ್ಬರು ಸೋಲು ಗೆಲವಿಲ್ಲದೆ ನಡುರಾತ್ರಿಯವರೆಗೆ ಸೆಣಸಿ ಜೊತೆಯಲ್ಲೇ ಅಸುನೀಗಿದರು. ಸಂಗಡಿಗರು ಅವರನ್ನು ಅಂಜೂರದ ಮರದ ಬುಡದಲ್ಲಿ ಹೂಳಿ ಹೋದರು. ಮರಳಿ ಬಂದಾಗ ಅಲ್ಲಿ ಚಿಲುಮೆಗಳು ಉಕ್ಕುತ್ತಿದ್ದುವು. ಇಬ್ಬರ ಬಿಡದ ಹಿಡಿತದಿಂದ ಹುಟ್ಟಿದ ಈ ಕಥೆಯನ್ನು ಪಕ್ಕಕ್ಕಿಟ್ಟು, ಇಲ್ಲಿ ಮೈಯ ಮಾತೇ ಇಲ್ಲವೆಂದು ಸಾಧಿಸುವುದು ಎಷ್ಟರ ಮಟ್ಟಿಗೆ ಸರಿ?

ಈ ಬಿಕ್ಕಟ್ಟಿನಲ್ಲಿ ನಮ್ಮ ಕಾವ್ಯಮೀಮಾಂಸೆ ನೆರವಿಗೆ ಬರಬಹುದು. ಆನಂದವರ್ಧನನು ರಸಗಳ ವಿರೋಧಾವಿರೋಧಗಳನ್ನು ವಿಚಾರಿಸುವಲ್ಲಿ ವೀರ-ಶೃಂಗಾರಗಳನ್ನು ಪರಸ್ಪರ ಅವಿರೋಧಿಗಳೆಂದೇ ಎಣಿಸಿದ್ದಾನೆ. ಅವನ ಮುಂದಿದ್ದುದು ಕಾವ್ಯವೇ ಹೊರತು ಕುಸ್ತಿಯ ಕಣವಲ್ಲ, ನಿಜ. ಆದರೂ ಒಂದು ಭಾವದ ಬಳಿ ಇನ್ನೊಂದರ ನೆರಳು ಸುಳಿದರೆ ಮೊದಲನೆಯದು ಕೆಟ್ಟೇಹೋಯಿತೆಂಬ ಗಾಬರಿ ಆ ಪರಂಪರೆಗೆ ಇರಲಿಲ್ಲ. ಅಪಹಾಸ್ಯ ಮಾಡುವವನೂ ನಿರಾಕರಿಸುವವನೂ ಪಾಲುಗೊಂಡಿರುವುದು ಈ ಗಾಬರಿಯಲ್ಲಿಯೇ. ಗಂಡು ಗಂಡನ್ನು ಮುಟ್ಟಿದರೆ ಅದಕ್ಕೊಂದು ಕಾರಣಪತ್ರ ಬೇಕೆಂಬುದು ಇಬ್ಬರ ಹಟ. ಪಾರಸಿಯ ಪಹ್ಲವಾನ್ ಶಬ್ದವು ತುರ್ಕಿಯಲ್ಲಿ ಪೆಹ್ಲಿವಾನ್ ಆಗಿ, ಕನ್ನಡದಲ್ಲಿ ಪೈಲ್ವಾನನಾಗಿ ನೆಲೆಸಿದೆ. ಕಣದ ಮಣ್ಣನ್ನು ಒಬ್ಬರ ಮೈಗೊಬ್ಬರು ಎರಚಿ ಕೈ ಕೂಡಿಸುವ ಗರಡಿಯ ಹುಡುಗರಿಗೆ ಆ ಕಾರಣಪತ್ರವನ್ನು ಯಾರೂ ಕೇಳಿದಂತಿಲ್ಲ.

ಆದರೆ ಈ ಸಲುಗೆ ಎಲ್ಲರಿಗೂ ಸಲ್ಲದು. 2010ರಲ್ಲಿ ಯುನೆಸ್ಕೋ ಕಿರ್ಕ್‌ಪಿನಾರ್ ಉತ್ಸವವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪುರುಷ ಪುರುಷನನ್ನು ಪ್ರೀತಿಸಬಹುದೆಂದು ಸಾರುವವರೂ ಸೇರಿ ನಡೆಸುವ ಮೆರವಣಿಗೆಯನ್ನು ಅದೇ ದೇಶದ ಇಸ್ತಾಂಬುಲ್ ನಗರದಲ್ಲಿ ಅಧಿಕಾರಿಗಳು 2015ರಿಂದ ನಿಷೇಧಿಸುತ್ತ ಬಂದಿದ್ದಾರೆ. ಕಿರ್ಕ್‌ಪಿನಾರ್ ಕಣದಲ್ಲಿ ಮಾತ್ರ ಪಂದ್ಯ ಮುಗಿದ ಮೇಲೆ ಕಿರಿಯ ಜಟ್ಟಿ ಹಿರಿಯನ ಕೈಗೆ ಮುತ್ತಿಡುತ್ತಾನೆ, ಹಿರಿಯನು ಅವನನ್ನು ತಬ್ಬಿಕೊಳ್ಳುತ್ತಾನೆ.