ಮಾವಶಿ ಮನೆಯ ಕನ್ನಡ

ಔರಾದ್ ಕಡೆಯ ಮರಾಠಿ ಮನೆಗಳಲ್ಲಿ ಒಂದು ರೂಢಿಯುಂಟು. ಹುಡುಗನಿಗೆ ಕನ್ನಡ ಬರಬೇಕೆಂದರೆ ಭಾಲ್ಕಿಯಲ್ಲೋ ಬೀದರಿನಲ್ಲೋ ಇರುವ ಮಾವಶಿಯ, ಅಂದರೆ ತಾಯಿಯ ಅಕ್ಕತಂಗಿಯರ, ಮನೆಗೆ ಕಳಿಸಿಬಿಡುವುದು. ಸಾಲಿಯೂ ಅಲ್ಲೇ, ಊಟವೂ ಅಲ್ಲೇ. ಇದರ ಹಿಂದೆ ಭಾಷಾಪ್ರೇಮ ಹುಡುಕಬೇಕಾಗಿಲ್ಲ. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬಂದಮೇಲೆ ಈ ಭಾಗದವರಿಗೆ ಸರ್ಕಾರಿ ನೌಕರಿಯ ಆಸೆ ಚಿಗುರಿದೆ, ಕೆಪಿಎಸ್‌ಸಿಯ ಕಡ್ಡಾಯ ಕನ್ನಡ ಪತ್ರಿಕೆ ಬಾಗಿಲಲ್ಲೇ ಕೂತಿದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಮರಾಠಿ ಮಾಧ್ಯಮದ ಶಾಲೆಯಲ್ಲೂ ಕನ್ನಡ ಕಲಿಸಲೇಬೇಕು. ಆದರೂ ಪಾಲಕರು ನಂಬುವುದು ಮಾವಶಿಯನ್ನೇ. ಈ ನಂಬಿಕೆಗೆ ಅರ್ಧ ಅಂಕ ಕೊಡಬಹುದು.

ಅರ್ಧ ಯಾಕೆಂದರೆ, ಮನೆ ಕಲಿಸುವಂತೆ ಶಾಲೆ ಕಲಿಸಲಾರದು. ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ. ಹೊಸದಾಗಿ ಬಂದ ಹುಡುಗ ಓಡಿಬಂದು ‘ಮಾವಶಿ, ಬಸ್ ಬಂದಾಳ’ ಅನ್ನುತ್ತಾನೆ. ರೊಟ್ಟಿ ಬಡಿಯುತ್ತಿದ್ದ ಮಾವಶಿ ಕೈ ನಿಲ್ಲಿಸದೆ ‘ಹೌದೇನು, ಯಾವ ಸೀರಿ ಉಟ್ಕೊಂಡು ಬಂದಾಳ?’ ಎಂದು ಕೇಳಿದರೆ ಮನೆಯೆಲ್ಲ ನಗುತ್ತದೆ, ಹುಡುಗನೂ ನಗುತ್ತಾನೆ. ಆಮೇಲೆ ಆ ತಪ್ಪು ಅವನ ಬಾಯಿಂದ ಬರುವುದಿಲ್ಲ. ಶಾಲೆಯ ಕೆಂಪು ಶಾಯಿಗೆ ಈ ಶಕ್ತಿ ಇಲ್ಲ. ಅದು ‘ಹೋಗಲತ್ತೀನಿ’ ಎಂಬ ಅಪ್ಪಟ ಬೀದರಿನ ಮಾತನ್ನೂ ಮರಾಠಿಯ ತಪ್ಪನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕುತ್ತದೆ.

ಉಳಿದರ್ಧ ಕೈಕೊಡುವುದು ಮಾವಶಿಯ ಒಳ್ಳೆಯತನದಿಂದಲೇ. ಬೀದರಿನ ಜನಕ್ಕೆ ಮೂರು ಭಾಷೆ ನೀರು ಕುಡಿದಷ್ಟು ಸಲೀಸು. ಎದುರಿನವರು ಯಾವ ಭಾಷೆಯವರೋ ಆ ಭಾಷೆಗೆ ಹೊರಳುವುದು ಇಲ್ಲಿಯ ಮರ್ಯಾದೆ. ಇದಕ್ಕೆ ಚರಿತ್ರೆಯೂ ಇದೆ. 1956ಕ್ಕೆ ಮುಂಚೆ ಉದಗೀರ, ನಿಲಂಗಾ, ಅಹಮದಪುರ ಬೀದರ್ ಜಿಲ್ಲೆಯಲ್ಲೇ ಇದ್ದವು. ಆ ವರ್ಷದ ನವೆಂಬರ್ 1ರಂದು ಅವು ಮುಂಬಯಿ ರಾಜ್ಯಕ್ಕೆ ಹೋದವು, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ಗಡಿ ಹರಿಯಿತು, ಬೀಗತನ ಹರಿಯಲಿಲ್ಲ. ಹೀಗಾಗಿ ಹುಡುಗ ಒಂದು ವಾಕ್ಯಕ್ಕೆ ತಡವರಿಸುವಷ್ಟರಲ್ಲಿ ಮಾವಶಿ ಮರುಗಿ ಮರಾಠಿಗೆ ಬಂದುಬಿಡುತ್ತಾಳೆ. ಬೀದರ್ ನಗರದಲ್ಲಾದರೆ ಓಣಿಗಿಳಿದ ಕೂಡಲೇ ದಖನಿ ಉರ್ದು ಅವನನ್ನು ಎತ್ತಿಕೊಳ್ಳುತ್ತದೆ. ವರ್ಷ ಕಳೆದರೂ ಅವನ ಕನ್ನಡ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಕಲಿಯುವವನ ಪಾಲಿಗೆ ಆ ಮನೆಯ ನಿಜವಾದ ಗುರು, ಮರಾಠಿ ಬಾರದ ಮುದುಕಿ ಯಾರಾದರೂ ಇದ್ದರೆ ಆಕೆಯೇ. ಅವಳಿಗೆ ನೀರು ಬೇಕಾದಾಗ ಕನ್ನಡದಲ್ಲೇ ಕೇಳುತ್ತಾಳೆ, ಇವನು ಕನ್ನಡದಲ್ಲೇ ತಂದುಕೊಡಬೇಕು.

ಈ ಕಾರಣಕ್ಕೇ ನನಗೆ ಭಾಲ್ಕಿ ಹಿರೇಮಠದ ಪ್ರಯೋಗ ದೊಡ್ಡದಾಗಿ ಕಾಣುತ್ತದೆ. ನಿಜಾಮರ ಆಡಳಿತದಲ್ಲಿ ಶಿಕ್ಷಣವೆಂದರೆ ಉರ್ದು. ಆಗ ಆ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರು. ಈ ಬೋರ್ಡಿನ ಕಥೆಯನ್ನು ನಾವು ಎಷ್ಟು ಸಲ ಹೇಳಿದ್ದೇವೆಂದರೆ, ಬೋರ್ಡಿನ ಹಿಂದೆ ಮಕ್ಕಳು ಉಂಡು ಉಳಿಯುತ್ತಿದ್ದ ಪ್ರಸಾದ ನಿಲಯ ಮರೆತೇಹೋಗಿದೆ. ನನ್ನ ಲೆಕ್ಕದಲ್ಲಿ ಕನ್ನಡ ಉಳಿಸಿದ್ದು ತರಗತಿಗಿಂತ ಹೆಚ್ಚಾಗಿ ಅಲ್ಲಿಯ ಊಟದ ಪಂಕ್ತಿ. ವಚನ ಹೇಳುವುದು, ಉಣ್ಣುವುದು, ಬೈಸಿಕೊಳ್ಳುವುದು ಎಲ್ಲ ಕನ್ನಡದಲ್ಲೇ. ಮಠ ಅತಿಥಿಯ ಭಾಷೆಗೆ ಬಾಗಲಿಲ್ಲ, ಬಾಗದಿದ್ದದ್ದೇ ಅದರ ಉಪಕಾರ. 1999ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ನೂರು ದಾಟಿದ್ದ ಆ ಸ್ವಾಮಿಗಳು ಹುಟ್ಟಿದ್ದು ಕಮಲನಗರದಲ್ಲಿ, ಅಂದರೆ ಔರಾದ್ ಕಡೆಯಲ್ಲೇ, ಮರಾಠಿಯ ಮಗ್ಗುಲಲ್ಲೇ. ಅವರಿಗೆ ಈ ಹೊರಳುವ ಗುಣ ಚೆನ್ನಾಗಿ ಗೊತ್ತಿದ್ದಿರಬೇಕು.

ಹಾಗೆಂದು ಹಳೆಯ ವ್ಯವಸ್ಥೆಯನ್ನು ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ಪಟ್ಟದ್ದೇವರು ಜಾತಿ ನೋಡದೆ ಮಕ್ಕಳನ್ನು ಸೇರಿಸಿಕೊಂಡರು, ಊರಿನ ಮನೆಗಳು ಮಾತ್ರ ಜಾತಿ ನೋಡಿಯೇ ಬಾಗಿಲು ತೆರೆದವು. ವಾರಾನ್ನದ ಊಟವಿರಲಿ, ಮಾವಶಿಯ ಪಡಸಾಲೆಯಿರಲಿ, ಜಾತಿಯೋ ನೆಂಟಸ್ತನವೋ ಇಲ್ಲದವನಿಗೆ ಅಲ್ಲಿ ಜಾಗವಿರಲಿಲ್ಲ. ಲಂಬಾಣಿ ತಾಂಡಾದ ಹುಡುಗನಿಗೆ ಬೀದರಿನಲ್ಲಿ ಯಾವ ಮಾವಶಿ? ಸಿಕ್ಕ ಮನೆಯಲ್ಲೂ ಹಾಲು ತರುವುದು, ದನ ಕಟ್ಟುವುದು, ಕೂಸು ಎತ್ತುವುದು ಬಂದ ಮಕ್ಕಳ ಪಾಲಿಗೇ ಬೀಳುತ್ತಿತ್ತು. ಅದರಲ್ಲೂ ಹುಡುಗಿಯಾದರೆ ಓದು ಕೊನೆಗೆ. ಇದನ್ನು ಪ್ರೀತಿ ಎಂದು ಕರೆಯುವವರು ಆ ಕೆಲಸ ಮಾಡಿದವರಲ್ಲ.

ಸರ್ಕಾರಿ ವಸತಿ ನಿಲಯಗಳು ಬಂದು ಈ ಅನ್ಯಾಯವನ್ನು ಬಹಳಷ್ಟು ತೊಡೆದವು. ಯಾರ ಹಂಗೂ ಇಲ್ಲದ ಊಟ ದೊಡ್ಡ ಮಾತೇ. ಆದರೆ ಭಾಷೆಯ ಮಟ್ಟಿಗೆ ಅವು ಸೋತಿವೆ. ಒಂದೇ ಊರಿನ ನಾಲ್ವರು ಒಂದು ಖೋಲಿಯಲ್ಲಿ ಸೇರಿದರೆ ರಾತ್ರಿಯಿಡೀ ಮರಾಠಿ, ಪಕ್ಕದ ಖೋಲಿಯಲ್ಲಿ ಲಂಬಾಣಿ. ಕನ್ನಡ ಗಂಟೆ ಬಾರಿಸಿದಾಗ ಮಾತ್ರ.

ಖೋಲಿ ಹಂಚುವಾಗ ಊರಿನ ಬದಲು ಮನೆಮಾತು ನೋಡಿ, ಒಬ್ಬ ಕನ್ನಡದವನು, ಒಬ್ಬ ಮರಾಠಿಯವನು, ಒಬ್ಬ ಲಂಬಾಣಿಯವನು ಎಂದು ಬೆರೆಸಿ ಹಾಕಿದರೆ ಸರ್ಕಾರಕ್ಕೆ ಖರ್ಚೇನೂ ಇಲ್ಲ. ಮೊದಲ ತಿಂಗಳು ಜಗಳವಾಗುತ್ತದೆ, ಮನೆಗೆ ಫೋನು ಹೋಗುತ್ತದೆ, ಪಾಲಕರು ಬಂದು ವಾರ್ಡನ್ ಮುಂದೆ ಮರಾಠಿಯಲ್ಲಿ ಕೂಗಾಡುತ್ತಾರೆ. ವಾರ್ಡನ್ ಅದಕ್ಕೆ ತಯಾರಿರಬೇಕು, ಉತ್ತರವನ್ನು ಕನ್ನಡದಲ್ಲೇ ಕೊಡಬೇಕು.